ಹುಳು ಮೂಸದ ಟೀ

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ವರ್ಷವಿಡೀ ಹಸಿರು. ಹಿಪ್ಪುನೇರಳೆ ಸೊಪ್ಪಿನ ಕರೆ ಅದು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಎರಡು ಬೆರಳಲ್ಲಿ ಟೀ ಲೋಟದ ಅಂಚು ಹಿಡಿದು, ಒಂದು ಕಾಲು ಅಡುಗೆಮನೆಯಲ್ಲಿ, ಇನ್ನೊಂದು ಹುಳುಮನೆಯ ಹೊಸ್ತಿಲಲ್ಲಿ ಇಟ್ಟುಕೊಂಡೇ ಕುಡಿಯುತ್ತಿದ್ದರು. ಮದುವೆಯಾಗಿ ಆ ಮನೆಗೆ ಬಂದು ಎಷ್ಟೋ ವರ್ಷವಾದರೂ, ಅವರು ಕೂತು ಟೀ ಕುಡಿದದ್ದನ್ನು ನಾನು ಕಂಡಿರಲಿಲ್ಲ.

ಶಿಡ್ಲಘಟ್ಟದ ಹತ್ತಿರ ನಮ್ಮದು ಚಾಕಿ ಮನೆ. ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಪೊರೆ ಬಿಡುವ ಮುನ್ನ ಹುಳು ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ತಟ್ಟೆಯಲ್ಲಿರುವ ಎಲ್ಲವೂ ಪೊರೆ ಬಿಟ್ಟು ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಅವಸರಪಟ್ಟರೆ ಮೊದಲೆದ್ದವು ತಿಂದು ಬೆಳೆಯುತ್ತವೆ, ಹಿಂದುಳಿದವು ಸೊರಗುತ್ತವೆ. ಎದ್ದಿವೆಯೋ ಇಲ್ಲವೋ ಎಂದು ನೋಡಿ ಹೇಳುವ ಕಣ್ಣು ಅತ್ತೆಯದು. ತನಗಾಗಿ ಒಂದು ಗಳಿಗೆ ಕೂರದ ಹೆಂಗಸು ಹುಳುವಿನ ಮುಂದೆ ಅರ್ಧ ದಿನ ಕಾಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಕಣ್ಣೇ ಮಂಜಾಗತೊಡಗಿತು. ಚಿಕ್ಕಬಳ್ಳಾಪುರದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಬರೆದು, "ಈ ಸಕ್ಕರೆ ಟೀ ಬಿಡಿ ಅಮ್ಮ. ಇಲ್ಲಾಂದ್ರೆ ಕಣ್ಣು ಉಳಿಯೋದು ಕಷ್ಟ" ಎಂದರು. ಅತ್ತೆ ಬಿಟ್ಟರು. ಬಿಟ್ಟು, ಸುಂಟರಗಾಳಿಯ ಹಾಗೆ ಮನೆಯೆಲ್ಲಾ ಸುತ್ತಿದರು. ತೊಳೆದ ಪಾತ್ರೆಯನ್ನೇ ತೊಳೆದರು, ಗುಡಿಸಿದ ಅಂಗಳವನ್ನೇ ಗುಡಿಸಿದರು, ಅಡ್ಡ ಬಂದರೆ ನನ್ನ ಮೇಲೆ ರೇಗಿದರು. ವಾರ ತುಂಬುವುದರೊಳಗೆ ಒಲೆ ಮುಂದೆ ಕದ್ದು ಕುಡಿಯುತ್ತಾ ನನ್ನ ಕೈಗೆ ಸಿಕ್ಕಿಬಿದ್ದರು.

"ಏನು ನೋಡ್ತೀಯಾ? ಕಣ್ಣು ಹೋಗೋಕೆ ಮುಂಚೆ ನಂಗೆ ಹುಚ್ಚು ಹಿಡೀತದೆ ಕಣಮ್ಮ!"

ಆಗಲೇ ರೇಷ್ಮೆ ಇಲಾಖೆಯವರ ಜೊತೆ ಜಪಾನಿನ ಒಬ್ಬ ಹೆಂಗಸು ನಮ್ಮ ಚಾಕಿ ಮನೆ ನೋಡಲು ಬಂದದ್ದು. ಅವರಿಗೂ ವಯಸ್ಸಾಗಿತ್ತು. ಅತ್ತೆ ತಟ್ಟೆಯ ಮೇಲೆ ಬಗ್ಗಿದ್ದನ್ನು ನೋಡಿ ಅವರೂ ಪಕ್ಕದಲ್ಲಿ ಬಗ್ಗಿದರು. ಇಬ್ಬರೂ ಒಟ್ಟಿಗೆ ಒಂದೊಂದೇ ಹುಳುವನ್ನು ನೋಡಿದರು. ಹೊರಡುವಾಗ ಆಕೆ ಒಂದು ಪುಟ್ಟ ಡಬ್ಬಿ ಕೊಟ್ಟರು. ಒಳಗೆ ಮದರಂಗಿಗಿಂತ ನುಣುಪಾದ ಹಸಿರು ಪುಡಿ. ಜೊತೆಯಲ್ಲಿದ್ದ ಅಧಿಕಾರಿ ವಿವರಿಸಿದರು: "ಇದು ಮಾಚಾ ಅಂತ, ಅವರ ಕಡೆ ಟೀ. ಹಾಲು, ಸಕ್ಕರೆ ಏನೂ ಬೇಡ. ಪುಡಿ ಕುದಿಸಬಾರದು. ನೀರು ಕಾಯಿಸಿ, ಸ್ವಲ್ಪ ಆರಿದ ಮೇಲೆ ಅರ್ಧ ಚಮಚ ಹಾಕಿ ನೊರೆ ಬರೋ ಹಂಗೆ ಕಡೀಬೇಕಂತೆ."

ಅವರ ಜೀಪು ರಸ್ತೆಗೆ ಏರುವ ಮೊದಲೇ ಅತ್ತೆ ಡಬ್ಬಿ ಹಿಡಿದು ಹುಳುಮನೆಗೆ ಹೋದರು. ಹೊಸ ತೋಟದ ಸೊಪ್ಪಾಗಲಿ, ಹೊಸ ಬೋರ್‌ವೆಲ್ ನೀರಾಗಲಿ, ನಾಲ್ಕು ಹುಳು ಬೇರೆ ಇಟ್ಟು ನೋಡುವುದು ಅವರ ಪರೀಕ್ಷೆ. "ಹುಳಕ್ಕಿಂತ ನಾಜೂಕು ನಾಲಗೆ ಯಾರ್ದಮ್ಮ?" ಎನ್ನುತ್ತಿದ್ದರು. ಒಂದು ಎಲೆಯ ಮೇಲೆ ಚಿಟಿಕೆ ಪುಡಿ ಉದುರಿಸಿ ಹುಳು ಬಿಟ್ಟರು. ಅವು ತಲೆ ಆಡಿಸಿ ಅಂಚಿಗೆ ಸರಿದವು.

"ನೋಡಿದ್ಯಾ? ಹುಳ ಮೂಸಲಿಲ್ಲ. ನಾನು ಕುಡೀಬೇಕಾ?" ಡಬ್ಬಿ ಗೋಡೆಯ ಗೂಡು ಸೇರಿತು.

ಭಾನುವಾರ ಚಿಂತಾಮಣಿಯಿಂದ ನಾದಿನಿ ಬಂದಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸಂಗತಿ ಕೇಳಿ ನಕ್ಕಳು. "ಅಮ್ಮಾ, ಹುಳ ರಾಗಿಮುದ್ದೇನೂ ಮೂಸಲ್ಲ. ನೀನು ದಿನಾ ಉಣ್ಣಲ್ವಾ?"

ಅತ್ತೆ ಗೂಡಿನಿಂದ ಡಬ್ಬಿ ತಂದು ಅವಳ ಮುಂದಿಟ್ಟರು.

"ಇದರಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ. ಎಲೇನೇ ಪುಡಿ ಮಾಡಿರೋದು. ಸೋಸಿ ಎಸೆಯೋಂಗಿಲ್ಲ, ಪೂರ್ತಿ ಹೊಟ್ಟೆಗೇ ಹೋಗ್ತದೆ."

"ಅಂದ್ರೆ?"

"ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗಲ್ವಾ? ಮೈಯೊಳಗೂ ಅಂಥದ್ದೇ ಒಂದು ನಡೀತಿರ್ತದೆ. ಅದನ್ನ ತಡೆಯೋಕೆ ಇದು ಸಹಾಯ ಮಾಡ್ತದೆ ಅಂತಾರೆ."

"ಹೆಚ್ಚಿದ ಬದನೆಕಾಯಿನ ನೀರಿಗೆ ಹಾಕ್ತೀವಿ. ನನ್ನೂ ತೊಟ್ಟಿಗೆ ಹಾಕ್ಬಿಡ್ರಮ್ಮ!"

"ಹಾಕಿದ್ರೇ ಸರಿ, ಒಂದು ಕಡೆ ಇರ್ತೀಯ. ನೋಡು, ಇದು ಔಷಧಿ ಅಲ್ಲ. ಮಾತ್ರೆ ನುಂಗಲೇಬೇಕು. ಸಕ್ಕರೆ ಟೀ ಬದಲು ಇದನ್ನ ಕುಡಿ, ಅಷ್ಟೆ."

ನೀರು ಕುದಿಯಿತು. ಅತ್ತೆ ಪುಡಿ ಸುರಿಯಲು ಹೋದಾಗ ನಾನು ಕೈ ಹಿಡಿದೆ. "ಆರಬೇಕು ಅತ್ತೆ."

"ಎಷ್ಟೊತ್ತು?"

"ಹುಳ ಜ್ವರ ಎದ್ದೇಳೋಕೆ ಕಾಯ್ತೀರಲ್ಲ, ಹಂಗೇ."

ನನ್ನನ್ನು ದುರುಗುಟ್ಟಿ ನೋಡಿ ಒರಳುಕಲ್ಲಿನ ಪಕ್ಕ ಕೂತರು. ಕಾಲ್ಬೆರಳು ಮಾತ್ರ ಕುಣಿಯುತ್ತಲೇ ಇತ್ತು. ಮಜ್ಜಿಗೆಯ ಪುಟ್ಟ ಕಡಗೋಲಿನಲ್ಲಿ ಕಡೆದು, ನೊರೆ ಬಂದ ಮೇಲೆ ಕೊಟ್ಟೆ. ಒಂದು ಗುಟುಕು. "ಥೂ, ಹಸೀ ಹುಲ್ಲು!" ಇನ್ನೊಂದು ಗುಟುಕು. "ನಾಯನಾ, ಈ ವಯಸ್ಸಲ್ಲಿ ಹಸು ಆದ್ನಲ್ಲ!" ಲೋಟವನ್ನಂತೂ ಕೆಳಗಿಡಲಿಲ್ಲ.

ಜೊತೆಗೆ ಹುರಿಗಡಲೆ ಅಗಿದರೆ ಕಹಿಯೂ ರುಚಿ ಎಂದು ಅವರೇ ಕಂಡುಕೊಂಡರು. ಡಬ್ಬಿ ಖಾಲಿಯಾದಾಗ, ಎಳೆಯ ಹಿಪ್ಪುನೇರಳೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದರು. "ಇದಕ್ಕೆ ಹುಳಾನೂ ಒಪ್ತದೆ" ಎಂದು ಬೀಗಿದರು.

ನೀರು ಆರುವ ಆ ಹೊತ್ತಿನಲ್ಲೇ ನನ್ನ ಪಾಠ ಶುರುವಾಯಿತು. ಒಂದು ತಟ್ಟೆ ತಂದು ಮುಂದಿಟ್ಟು, "ನೀನು ನೋಡು. ತಲೆ ದಪ್ಪ ಆಯ್ತಾ? ಬಣ್ಣ ತಿರುಗ್ತಾ? ಹಿಂದಿರೋದನ್ನ ನೋಡೇ, ಮುಂದಿರೋದನ್ನ ಯಾರು ಬೇಕಾದ್ರೂ ನೋಡ್ತಾರೆ" ಎನ್ನುತ್ತಿದ್ದರು. ನಾನು ಅಂದಾಜಿನಲ್ಲಿ ಹೇಳಿದರೆ ತೊಡೆಗೆ ಚಿವುಟುತ್ತಿದ್ದರು. ಅವರ ಎಡಗಣ್ಣು ಹೋಯಿತು. ಹೋದದ್ದನ್ನು ಯಾವ ಟೀಯೂ ತರಲಿಲ್ಲ. ಬಲಗಣ್ಣಿನ ಮಬ್ಬು ಬೆಳಕು ಕೊನೆಯವರೆಗೆ ಉಳಿಯಿತು. ಮಾತ್ರೆಯಿಂದಲೋ, ಸಕ್ಕರೆ ಬಿಟ್ಟದ್ದರಿಂದಲೋ, ನಾನರಿಯೆ.

ಕೊನೆಗೆ ಹಾಸಿಗೆ ಹಿಡಿದಾಗ ಅಲ್ಲಾಡದೆ ಮಲಗಿಬಿಟ್ಟರು. ಆ ಸುಮ್ಮನಿರುವಿಕೆಯೇ ನನ್ನನ್ನು ಕಂಗೆಡಿಸಿತು. ಈಗ ಮನೆಯೆಲ್ಲಾ ಸುತ್ತುವ ಸರದಿ ನನ್ನದು. ಗಂಜಿ ತಂದೆ, ಒಲ್ಲೆ ಎಂದರು. ಕಡೆದ ಲೋಟ ತಂದು, "ಒಂದೇ ಗುಟುಕು ಅತ್ತೆ" ಎಂದು ಬೇಡಿದೆ. ಹಸಿರು ಬೆರಳುಗಳಿಂದ ನನ್ನ ಮಣಿಕಟ್ಟು ಹಿಡಿದರು.

"ಜ್ವರಕ್ಕೆ ಕೂತಿದ್ದೀನಿ ಕಣಮ್ಮ. ಏಳೋಗಂಟ ಸೊಪ್ಪು ಹಾಕಬೇಡ."

ಅವರು ಏಳಲಿಲ್ಲ. ಮಣ್ಣು ಮುಗಿಸಿ ಬಂದ ಸಂಜೆ ಹುಳುಮನೆಯ ತಟ್ಟೆಗಳಲ್ಲಿ ಹುಳುಗಳು ಜ್ವರ ಏಳುತ್ತಿದ್ದವು. ಕಣ್ಣೊರೆಸಿಕೊಂಡು ಒಂದೊಂದರ ಮೇಲೂ ಬಗ್ಗಿ ನೋಡಿದೆ. ಮೂಲೆಯ ತಟ್ಟೆಯಲ್ಲಿ ಕೆಲವು ಇನ್ನೂ ತಲೆಯೆತ್ತಿ ಹಾಗೇ ಕೂತಿದ್ದವು. ಹೆಚ್ಚಿದ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು, ಆ ತಟ್ಟೆಯ ಮುಂದೆ ಕೂತು, ಕಾದೆ.