ಮರದಲ್ಲಿ ಹಣ್ಣಾಗದ ಬೇರಿಕಾಯಿ

ಈ ಊರಿನಲ್ಲಿ ಒಂದು ಹಣ್ಣು ಉಂಟು, ಅದು ಮರದಲ್ಲಿ ಹಣ್ಣಾಗುವುದೇ ಇಲ್ಲ. ಹೀಗೆ ಹೇಳಿದರೆ ತವರು ಗುತ್ತಿಗಾರಿನಲ್ಲಿ ನನ್ನ ತಮ್ಮ ನಗಾಡಿಯಾನು. ಆದರೆ ಕೂನೂರಿಗೆ ಬಂದ ಮರುದಿನ ಬೆಳಿಗ್ಗೆಯೇ ತಗಡಿನ ಮಾಡಿನ ಮೇಲೆ ದಡಕ್ಕನೆ ಬಿದ್ದು ಉರುಳಿ ಬಂದ ಕಾಯನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ನಮ್ಮ ಗೇರುಹಣ್ಣಿನ ಬೀಜ ಕಿತ್ತು ಹಸಿರು ಬಳಿದ ಹಾಗಿತ್ತು. ಬಿದ್ದದ್ದು ಹಣ್ಣೇ ಇರಬೇಕೆಂದು ಕಚ್ಚಿದೆ, ಹಲ್ಲು ಜುಮ್ಮೆಂದಿತು. ಮಂಜು ಅಂಗಳ, ಬೇಲಿ, ಎದುರಿನ ಬೆಟ್ಟ ಎಲ್ಲವನ್ನೂ ನುಂಗಿ ಸುಮ್ಮನೆ ಕೂತಿತ್ತು. ಆ ಬಿಳಿಯ ನಡುವೆ ನಾನೊಬ್ಬಳು, ಬಾಯಲ್ಲಿ ಮರಳು ಮರಳಾದ ಒಂದು ತುಂಡು. ಯಾವ ಲೋಕಕ್ಕೆ ಬಂದೆನೋ ಎಂದು ಅಳು ಬಂತು.

ನಮ್ಮವರಿಗೆ ಇಲ್ಲಿಯ ಸರಕಾರಿ ಹಣ್ಣಿನ ತೋಟದಲ್ಲಿ ಗುಮಾಸ್ತಿಕೆ. ಆಗ ನಮ್ಮ ಊರಿನ ಕಡೆಯ ಪುತ್ತೂರೂ ಕೂನೂರೂ ಒಂದೇ ಮದ್ರಾಸು ರಾಜ್ಯ, ಹಾಗಾಗಿ ವರ್ಗವಾಗಿ ಬಂದೆವು. ಬಂದ ವರ್ಷವೇ ಭಾಷೆ ನೋಡಿ ರಾಜ್ಯ ಹಂಚುವ ಸುದ್ದಿ. ನಮ್ಮ ಜಿಲ್ಲೆ ಮೈಸೂರಿಗೆ, ಈ ಬೆಟ್ಟ ಮದ್ರಾಸಿಗೆ. ನೌಕರರು ಎಲ್ಲಿರಬೇಕೆಂದು ತಾವೇ ಕೇಳಿಕೊಳ್ಳಬಹುದಂತೆ.

"ನನಗೆ ಎರಡೂ ಒಂದೇ. ನೀನು ಹೇಳಿದ ಹಾಗೆ ಬರೆದು ಕೊಡುದು" ಅಂದರು ನಮ್ಮವರು.

"ಅದರಲ್ಲಿ ಯೋಚಿಸುದು ಎಂತ ಉಂಟು? ಊರಿಗೇ ಬರೀರಿ."

"ಅವಸರ ಇಲ್ಲ ಮಾರಾಯ್ತಿ. ಬೇರಿಕಾಯಿ ಮುಗಿಯುವುದರೊಳಗೆ ಹೇಳು, ಸಾಕು."

ಬೇರಿಕಾಯಿ ಅಂದರೆ ಅದೇ, ನನ್ನ ಹಲ್ಲು ಮುರಿಯಹೊರಟದ್ದು. ಪುಸ್ತಕದಲ್ಲಿ ಮರಸೇಬು ಅಂತ ಬರೆಯುತ್ತಾರೆ.

ಪಕ್ಕದ ಮನೆಯಲ್ಲಿ ಮಾದಿ ಎಂಬ ಬಡಗರ ಮುದುಕಿ. ಬಡಗರು ಈ ಬೆಟ್ಟದ ಬೇಸಾಯದವರು, ಅಜ್ಜಿಗೆ ಹೆತ್ತೆ ಅನ್ನುತ್ತಾರೆ. ಪೇಟೆಯ ತಮಿಳು ನನಗೆ ಗೋಡೆ. ಹೆತ್ತೆಯ ಮಾತು ಮಾತ್ರ ನಿದ್ದೆಗಣ್ಣಿನಲ್ಲಿ ಕೇಳಿದ ಕನ್ನಡದ ಹಾಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ಇಬ್ಬರೂ ನಗುತ್ತಿದ್ದೆವು. ಬೇರಿಕಾಯಿಯ ಜಾತಿಗಳನ್ನು ಕಲಿಸಿದವಳು ಅವಳೇ. ಮಾಡಿನ ಮೇಲೆ ಬಿದ್ದದ್ದು ನಾಡು ಬೇರಿ, ಬೇಯಿಸಿದರೆ ಮಾತ್ರ ಬಗ್ಗುವಂಥದ್ದು. ದುಂಡಗೆ, ಚಿಕ್ಕುವಿನ ಬಣ್ಣದ ಸಿಪ್ಪೆ ಇರುವುದು ಚೀನಾ ಬೇರಿ. ಅದು ಎಳೆ ಮುಳ್ಳುಸೌತೆಯ ಹಾಗೆ ಕರಕರ, ಕಚ್ಚಿದರೆ ನೀರು ಮೊಣಕೈಗೆ ಇಳಿಯುತ್ತದೆ. ಕುತ್ತಿಗೆ ಉದ್ದವಾದದ್ದು ಬೆಣ್ಣೆ ಬೇರಿ. ಅದನ್ನು ಮೊದಲ ಸಲ ತಿಂದಾಗ ನಾನು ಮಾತಾಡುವುದನ್ನೇ ಮರೆತು ಮೆಟ್ಟಿಲ ಮೇಲೆ ಕೂತುಬಿಟ್ಟೆ. ತೋಟದ ಹಲಗೆಗಳಲ್ಲಿ ಇವಕ್ಕೆ ಇಂಗ್ಲಿಷ್ ಹೆಸರುಗಳುಂಟು, ನನ್ನ ನಾಲಗೆ ತಿರುಗುವುದಿಲ್ಲ.

ಮರದಲ್ಲೇ ಹಣ್ಣಾದ ಮಾವಿಗೆ ನಮ್ಮ ಊರಿನಲ್ಲಿರುವ ಮರ್ಯಾದೆ ನಿಮಗೆ ಗೊತ್ತು. ಬೈಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ್ದಕ್ಕೆ ಅದರ ನಂತರದ ಜಾಗ. ಅದೇ ಲೆಕ್ಕದಲ್ಲಿ ಹಿತ್ತಲಿನ ಬೆಣ್ಣೆ ಬೇರಿಯನ್ನು ಯಾರಿಗೂ ಮುಟ್ಟಗೊಡದೆ ಕಾದೆ. ಹೊಸ ಬೆಳೆ ಬಂದಾಗ ತವರಿನಲ್ಲಿ ನಡೆಯುವ ಹೊಸಕ್ಕಿ ಊಟಕ್ಕೆ ಹೋಗುವಾಗ ಅವ್ವನಿಗೆ ಕೊಂಡೊಯ್ಯುವ ಆಸೆ. ಗಟ್ಟಿ ಇರುವಾಗಲೇ ಕೀಳು ಅಂತ ಹೆತ್ತೆ ಹೇಳಿದರೂ ಕೇಳಲಿಲ್ಲ, ಮುದುಕಿಗೇ ಬೇಕೇನೋ ಅಂತ ಸಂಶಯ ಬೇರೆ. ಕಾಯಿಗೆ ಚಿನ್ನದ ಬಣ್ಣ ಬಂತು. ಕಿತ್ತು ಸೀಳಿದರೆ ಒಳಗೆಲ್ಲ ಕಂದು, ಕೆಸರು.

"ಇದು ಒಳಗಿನಿಂದ ಹಣ್ಣಾಗುವ ಜಾತಿ ತಂಗಿ. ಮರ ಬಿಡಿಸಿ ಮನೆಯೊಳಗೆ ಇಡಬೇಕು. ಕುತ್ತಿಗೆ ಒತ್ತಿದರೆ ಬಗ್ಗಿತೋ, ಆಗ ತಿನ್ನು" ಅಂದಳು ಹೆತ್ತೆ.

"ತವರಿನಲ್ಲೇ ಬಿಟ್ಟರೆ ಹೆಣ್ಣುಮಕ್ಕಳೂ..." ಅಂತ ನಮ್ಮವರು ಶುರುಮಾಡಿದರು.

"ಗಾದೆ ಕಟ್ಟುದು ಬೇಡ. ಬುಟ್ಟಿ ಹಿಡೀರಿ" ಅಂದೆ. ಮೇಲಿನ ಕೊಂಬೆಯಲ್ಲಿ ಇನ್ನೂ ಗಟ್ಟಿ ಇದ್ದವನ್ನು ಅವತ್ತೇ ಇಳಿಸಿದೆವು.

ನಾನೂ ಸುಮ್ಮನಿರಲಿಲ್ಲ. ಯಾರೂ ಮೂಸದ ನಾಡು ಬೇರಿಯನ್ನು ಹಲಸಿನ ಸೊಳೆಯ ಹಾಗೆ ಹೆಚ್ಚಿ ಉಪ್ಪಿನ ಭರಣಿಗೆ ತುಂಬಿದೆ. ಜಡಿಮಳೆಯ ಒಂದು ದಿನ ಹಿಂಡಿ ತೆಗೆದು, ಒಣಮೆಣಸು ತೆಂಗಿನಕಾಯಿ ಅರೆದು ಪಲ್ಯ ಮಾಡಿದೆ. ಹೆತ್ತೆ ಮತ್ತೆ ಬಡಿಸಿಕೊಂಡು, "ನಮ್ಮ ಕಾಯಿಗೆ ನೀನು ಬುದ್ಧಿ ಕಲಿಸಿದೆ" ಅಂದಳು. ಸ್ವಲ್ಪ ದಿನದಲ್ಲಿ ಸಾಲುಮನೆಗಳಲ್ಲೆಲ್ಲ ಭರಣಿ ಕೂತಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹೆಂಗಸರು ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು. ಆಮೇಲೆ ಮಂಜು ಇಳಿದರೂ ಅಳು ಬರುತ್ತಿರಲಿಲ್ಲ.

ಹೊಸಕ್ಕಿ ಊಟಕ್ಕೆ ಗುತ್ತಿಗಾರಿಗೆ ಹೋದೆ. ಮಂಗಳೂರಿನಲ್ಲಿ ರೈಲಿಳಿದು, ಪುತ್ತೂರಿನ ಬಸ್ಸು ಹಿಡಿದು, ಸೆಖೆಯಲ್ಲಿ ಬೇಯುತ್ತಾ, ಇನ್ನೂ ಗಟ್ಟಿ ಇದ್ದ ಬೆಣ್ಣೆ ಬೇರಿಯ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ನಾನು ಕೈಕಾಲು ತೊಳೆದು ಬರುವುದರೊಳಗೆ ಅವ್ವ ಮೆಟ್ಟುಕತ್ತಿಯ ಮುಂದೆ ಕೂತು ಒಂದನ್ನು ಕತ್ತರಿಸಿಯೂ ಆಗಿತ್ತು.

"ಎಂತ ಅಕ್ಕ ಇದು, ಹಸಿ ಪಪ್ಪಾಯಿಯ ಹಾಗೆ! ಇದನ್ನಾ ನೀನು ಅಷ್ಟು ದೂರದಿಂದ ಹೊತ್ತದ್ದು?" ತಮ್ಮ ನಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿಲ್ಲದಿದ್ರೆ ಸುಮ್ಮನೆ ಕೂತ್ಕೊ. ನಮ್ಮಲ್ಲಿ ಇದನ್ನು ಹೀಗೆ ಅವಸರದಲ್ಲಿ ತಿನ್ನುದಿಲ್ಲ."

ಅವ್ವ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು. "ಹಾಗಾದ್ರೆ ನೀವು ಅಲ್ಲೇ ಇರುದು" ಅಂದಳು. ಕೇಳಿದ್ದಲ್ಲ, ಹೇಳಿದ್ದು. ಕೂನೂರನ್ನು ‘ನಮ್ಮಲ್ಲಿ’ ಅಂದವಳು ನಾನೇ.

ತಿರುಗಿ ಬಂದವಳು ನಮ್ಮವರಿಗೆ ಮದ್ರಾಸಿಗೇ ಬರೆಯಲು ಹೇಳಿದೆ. ಸಂತೋಷವಾಯಿತು, ಸಂಕಟವೂ ಆಯಿತು. ಈಗ ಕಣ್ಣು ಮುಚ್ಚಿ ಸಿಪ್ಪೆ ಮುಟ್ಟಿದರೂ ಯಾವ ಬೇರಿ ಎಂದು ಹೇಳಬಲ್ಲೆ. ಹೊಸದಾಗಿ ಬಂದವರ ಹೆಂಡಂದಿರು ನನ್ನನ್ನೇ ಕೇಳಲು ಬರುತ್ತಾರೆ.

ಮರುವರ್ಷ ಮತ್ತೆ ಗುತ್ತಿಗಾರಿಗೆ ಹೋದಾಗ, ದಾರಿಯ ಆಯಾಸಕ್ಕೆ ಜಗಲಿಯಲ್ಲೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ಅವ್ವ ಒಳಗಿನಿಂದ ಬಂದಳು. ಒಂದು ಕೈಯ ತಟ್ಟೆಯಲ್ಲಿ ಬೆಲ್ಲದ ತುಂಡು, ಇನ್ನೊಂದರಲ್ಲಿ ನೀರಿನ ಚೆಂಬು. ಬಂದ ನೆಂಟರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಮನೆಯ ಮಗಳಿಗೆ ಯಾರೂ ಕೊಡುವುದಿಲ್ಲ, ಅವಳು ಸೀದಾ ಅಡುಗೆಮನೆಗೆ ಹೋಗಿ ತಾನೇ ಕುಡಿಯುತ್ತಾಳೆ. ಅವ್ವನಿಗೆ ಅದು ಹೊಳೆದ ಹಾಗೆ ಕಾಣಲಿಲ್ಲ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.