ಗಿರಣಿಯ ಡಾಕ್ಟರವ್ವ

ನಮ್ಮ ಮನೆಯ ಪಡಸಾಲೆಯಲ್ಲಿ ಇರುವುದು ಎರಡೇ ಕುರ್ಚಿ. ಫಲಿತಾಂಶ ಬಂದು ಕಾಲೇಜುಗಳ ಬಾಗಿಲು ತೆರೆಯುವ ಹದಿನೈದಿಪ್ಪತ್ತು ದಿನ ಅವಕ್ಕೆ ಬಿಡುವೆಂಬುದಿಲ್ಲ. ಒಂದರಲ್ಲಿ ಸಲಹೆ ಕೇಳಲು ಬಂದ ಅಪ್ಪ ಕೂರುತ್ತಾನೆ. ಇನ್ನೊಂದರಲ್ಲಿ ಅವ್ವನೋ, ನಾಲ್ಕು ಅಕ್ಷರ ಬಲ್ಲವನೆಂದು ಜೊತೆಗೆ ಕರೆತಂದ ಕಾಕಾನೋ ಕೂರುತ್ತಾರೆ. ಯಾರ ಸಲುವಾಗಿ ಇಷ್ಟು ಮಂದಿ ಬಸ್ಸು ಹತ್ತಿ ಬಂದಿದ್ದಾರೋ ಆ ಮಗು ಮಾತ್ರ ಬಾಗಿಲ ಚೌಕಟ್ಟಿಗೆ ಆತು ನಿಂತಿರುತ್ತದೆ. ಕೈಚೀಲದಿಂದ ಅಂಕಪಟ್ಟಿ ಹೊರಬರುತ್ತದೆ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಆಗಲೇ ಲ್ಯಾಮಿನೇಷನ್ ಮಾಡಿಸಿ, ಇನ್ನು ಯಾರೂ ಒಂದಕ್ಷರ ತಿದ್ದದಂತೆ ಭದ್ರ ಮಾಡಿದ್ದು. ಏನು ಓದಬೇಕೆಂದಿದ್ದೀ ಎಂದು ನಾನು ಮಗುವಿನ ಮುಖ ನೋಡಿ ಕೇಳುತ್ತೇನೆ. ಉತ್ತರ ಬರುವುದು ಕುರ್ಚಿಯಿಂದ.

ಸಿಂದಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತ ಇಪ್ಪತ್ತು ವರ್ಷ ಮೀರಿದ ಮೇಲೆ, ಇಂಡಿ ಕಡೆಯವರು ಹೇಗೆ ಕೇಳುತ್ತಾರೆ, ಮುದ್ದೇಬಿಹಾಳ ಕಡೆಯವರು ಹೇಗೆ ಕೇಳುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿಬಿಟ್ಟಿದೆ. ಇಂಡಿಯವರು ಮೊದಲು ನಮ್ಮ ಮನೆಯ ನಿಂಬೆಗಿಡದ ಬಗ್ಗೆ ನಾಲ್ಕು ಮಾತಾಡಿ, ಅದಕ್ಕೆ ನೀರು ಹೆಚ್ಚಾಗಿದೆಯೆಂದು ನನ್ನನ್ನೇ ಗದರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಮುದ್ದೇಬಿಹಾಳದವರು ನೇರ. ನಮ್ಮ ಬಸವನ ಬಾಗೇವಾಡಿಯವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ನನ್ನ ತವರದು. ಆದರೆ ಎಲ್ಲರೂ ಕೊನೆಗೆ ಬಂದು ನಿಲ್ಲುವ ಜಾಗ ಒಂದೇ: ನಮ್ಮಾಕಿ ಡಾಕ್ಟರ್ ಆಗ್ತಾಳ್ರಿ, ನಮ್ಮಾಂವ ಡಾಕ್ಟರ್ ಆಗ್ತಾನ್ರಿ.

ಈ ವರ್ಷ ಹೊಸದಾಗಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ನೀವು ನನ್ನಿಂದ ಬುದ್ಧಿಮಾತು ನಿರೀಕ್ಷಿಸುತ್ತಿದ್ದರೆ, ಮೊದಲು ನನ್ನ ಯೋಗ್ಯತೆ ತಿಳಿದಿರಲಿ. ನಾನು ಸಸ್ಯಶಾಸ್ತ್ರ ಆರಿಸಿಕೊಂಡದ್ದು, ಅರ್ಜಿ ಕೊಡುವ ದಿನ ಭೌತಶಾಸ್ತ್ರದ ಕಿಟಕಿಯ ಮುಂದೆ ಸರದಿ ಉದ್ದವಿತ್ತೆಂದು, ಮತ್ತು ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಊರಿಗೆ ಬಸ್ಸಿರಲಿಲ್ಲವೆಂದು. ಸರದಿ ಗಿಡ್ಡವಿದ್ದ ಕಡೆ ನಿಂತೆ. ಜೀವನವಿಡೀ ಅಲ್ಲಿಯೇ ನಿಂತೆ. ಗಿಡಗಳು ನನ್ನನ್ನು ನಿಧಾನವಾಗಿ ಒಲಿಸಿಕೊಂಡವು, ಅದು ನನ್ನ ಅದೃಷ್ಟ. ಹೀಗೆ ಬಸ್ಸಿನ ವೇಳೆ ನೋಡಿ ದಾರಿ ಹಿಡಿದವಳು ವರ್ಷಕ್ಕೆ ನೂರು ಮಕ್ಕಳಿಗೆ ದಾರಿ ತೋರಿಸುತ್ತೇನೆ, ಅದೂ ಗಂಭೀರ ಮುಖ ಮಾಡಿಕೊಂಡು. ಆ ಗಾಂಭೀರ್ಯವೇ ಒಮ್ಮೆ ನನ್ನಿಂದ ಒಂದು ತಪ್ಪು ಮಾಡಿಸಿತು.

ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡ ಗುರಪ್ಪನ ಮಗಳು ಹತ್ತನೆಯ ತರಗತಿಯಲ್ಲಿ ಇಡೀ ತಾಲೂಕು ತಿರುಗಿ ನೋಡುವಂಥ ಅಂಕ ತೆಗೆದಳು. ತಾಯಿಯಿಲ್ಲದ ಹುಡುಗಿ. ಊರವರು ಶಾಲೆಯ ಅಂಗಳದಲ್ಲಿ ಸತ್ಕಾರ ಇಟ್ಟುಕೊಂಡು ನನ್ನನ್ನು ಅತಿಥಿಯಾಗಿ ಕರೆದರು. ನನಗೂ ಶಾಲು, ಅವಳಿಗೂ ಶಾಲು. ಮಾತಾಡಲು ಎದ್ದು ನಿಂತಾಗ ಎದುರಿಗೆ ಇಡೀ ಊರು ಕೂತಿತ್ತು. ಹೆಣ್ಣುಮಕ್ಕಳು ಕೆಲಸ ಬಿಟ್ಟು ಬಂದಿದ್ದರು. ಅವರ ಮುಖಗಳನ್ನು ಕಂಡು ನನ್ನ ಎದೆ ಉಬ್ಬಿತು, ನಾಲಿಗೆಯೂ ಉದ್ದವಾಯಿತು. ‘ಇವತ್ತಿನಿಂದ ಈ ಹುಡುಗಿಯನ್ನು ಹೆಸರು ಹಿಡಿದು ಕರೆಯಬೇಡಿ, ಡಾಕ್ಟರ್ ಎಂದೇ ಕರೆಯಿರಿ’ ಎಂದುಬಿಟ್ಟೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ದೊಡ್ಡ ಊರುಗಳಲ್ಲಿ ವೇದಿಕೆಯ ಮಾತು ವೇದಿಕೆ ಇಳಿಯುವುದರೊಳಗೆ ಆರಿಹೋಗುತ್ತದೆ. ನಮ್ಮ ಕಡೆ ಹಾಗಲ್ಲ. ಶಾಲು ಹೊದಿಸಿಕೊಂಡು ಆಡಿದ ಮಾತನ್ನು ಮಂದಿ ಮನೆಗೆ ಒಯ್ಯುತ್ತಾರೆ. ಮರುದಿನದಿಂದಲೇ ಅವಳು ಡಾಕ್ಟರವ್ವ ಆದಳು. ಬಾವಿಕಟ್ಟೆಯಲ್ಲಿ ಡಾಕ್ಟರವ್ವ, ಬಸ್ಸಿನ ಕಂಡಕ್ಟರನಿಗೂ ಡಾಕ್ಟರವ್ವ. ಕೊನೆಗೆ ಸ್ವಂತ ಅಪ್ಪನೂ ಉಣ್ಣಲು ಕರೆಯುವಾಗ ಹಾಗೆಯೇ ಕೂಗತೊಡಗಿದ.

ಪಿಯುಸಿಗೆ ಅವಳು ನಮ್ಮ ಕಾಲೇಜಿಗೇ ಸೇರಿದಳು, ನನ್ನ ತರಗತಿಗೇ ಬಂದಳು. ನಮ್ಮಲ್ಲಿ ಹಾಜರಿ ಕರೆಯುವುದು ನಂಬರಿನಿಂದ. ಹೀಗಾಗಿ ಎರಡು ವರ್ಷ ನನಗೂ ಅವಳು ಒಂದು ನಂಬರು, ತಪ್ಪಿದರೆ ಡಾಕ್ಟರ್. ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆ ಎಂದರೆ ತಡಬಡಿಸುತ್ತಿದ್ದವಳು, ಅನುವಂಶೀಯತೆಯ ಲೆಕ್ಕ ಬಂದ ದಿನ ನಾನು ಬೋರ್ಡಿನ ಮೇಲೆ ಚೌಕ ಬರೆಯುವುದರೊಳಗೆ ಉತ್ತರ ಹೇಳಿದಳು. ಆ ಲೆಕ್ಕದಲ್ಲಿ ಬರುವ ಬಟಾಣಿ ಗಿಡದ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲ, ಪ್ರೀತಿಯಿದ್ದದ್ದು ಭಿನ್ನರಾಶಿಯ ಮೇಲೆ. ಅದನ್ನು ನಾನು ಕಂಡೆ. ಕಂಡೂ, ಚುರುಕು ಹುಡುಗಿ ಎಂದು ಬೆನ್ನು ತಟ್ಟಿ ಮುಂದಿನ ಪಾಠಕ್ಕೆ ಹೋದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂಬ ನಾಲ್ಕು ವಿಷಯಗಳ ಗಂಟಿನಲ್ಲಿ, ಡಾಕ್ಟರ್ ಆಗುವವರಿಗೆ ಗಣಿತ ಸುಮ್ಮನೆ ಜೊತೆಗೆ ಬರುವ ಸಾಮಾನು ಎಂದು ನಾವೆಲ್ಲ ನಂಬಿಕೊಂಡಿದ್ದೆವು.

ನೀಟ್ ಪರೀಕ್ಷೆ ಮೊದಲ ಸಲ ಕೈ ಕೊಟ್ಟಿತು. ವಿಜಯಪುರದಲ್ಲಿ ಕೋಣೆ ಮಾಡಿ, ಒಂದು ವರ್ಷ ಪೂರ್ತಿ ಕೋಚಿಂಗಿಗೆ ಹೋಗಿ ಕೂತಳು. ರಜೆಗೆ ಊರಿಗೆ ಬಂದರೆ ಅಪ್ಪನ ಗಿರಣಿಯಲ್ಲಿ ನಿಲ್ಲುವುದು ಅವಳ ರೂಢಿ. ಜೋಳ ಬೀಸಿಸಲು ಬಂದವರಿಗೆ ಸರದಿ ಬರುವವರೆಗೆ ಬೇರೆ ಕೆಲಸವಿರುವುದಿಲ್ಲ. ಡಬ್ಬಿಯ ಮೇಲೆ ಡಬ್ಬಿ ಇಟ್ಟು ಕೂತು, ಸೆರಗಿನ ಗಂಟಿನಿಂದ ಗುಳಿಗೆಯ ಚೀಟಿ ತೆಗೆಯುತ್ತಿದ್ದರು: ಡಾಕ್ಟರವ್ವಾ, ಇದನ್ನ ಯಾವಾಗ ತಗೋಬೇಕು ನೋಡು. ಓದಲು ಬಾರದ ಮುದುಕಿಯರಿಗೆ ಅವಳು ಗುಳಿಗೆಯ ಹಾಳೆಯ ಮೇಲೆ ಪೆನ್ನಿನಿಂದ ಬೆಳಿಗ್ಗೆಗೊಂದು ಸೂರ್ಯ, ರಾತ್ರಿಗೊಂದು ಚಂದ್ರ ಬರೆದುಕೊಡುತ್ತಿದ್ದಳು. ಅಲ್ಲಿಯವರೆಗೆ ಸರಿ. ಆಮೇಲೆ ಮಂದಿ ರಕ್ತದ ವರದಿ ತಂದರು, ಎಕ್ಸ್‌ರೇ ಫೋಟೋ ತೆಗೆಸಿದ ವರದಿ ತಂದರು. ಹದಿನೆಂಟರ ಹುಡುಗಿ, ಇನ್ನೂ ಸೀಟೇ ಸಿಗದವಳು, ಗಿರಣಿಯ ಸದ್ದಿನಲ್ಲಿ ನಿಂತು ಒಂದೂರಿನ ಜಡ್ಡನ್ನೆಲ್ಲ ಓದಬೇಕಾಯಿತು.

ಎರಡನೆಯ ಸಲವೂ ಸೀಟು ಸಿಗಲಿಲ್ಲ. ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಅವಳೊಬ್ಬಳೇ ನಮ್ಮ ಮನೆಗೆ ಬಂದಳು. ಬಾಗಿಲು ತೆರೆದವಳೇ ನಾನು ರೂಢಿಯಂತೆ ಬಾ ಡಾಕ್ಟರ್ ಎಂದೆ. ಅವಳು ಒಳಗೆ ಬಂದು, ಕುರ್ಚಿ ಎರಡೂ ಖಾಲಿಯಿದ್ದರೂ ಕೂರದೆ, ನೀಲವ್ವನ ವಿಷಯ ಹೇಳಿದಳು.

ನೀಲವ್ವ ಗಿರಣಿಯ ಪಕ್ಕದ ಮನೆಯವಳು. ತಾಯಿ ತೀರಿಕೊಂಡ ಮೇಲೆ ಇವಳಿಗೆ ಹೆರಳು ಹಾಕಿ ಬೆಳೆಸಿದವಳು. ಎದೆಯಲ್ಲಿ ಗಂಟೆಂದು ತಪಾಸಣೆ ಮಾಡಿಸಿಕೊಂಡು, ಬಂದ ಕಾಗದವನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕಿತ್ತು. ಅದಕ್ಕೆ ಮೊದಲು ಗಿರಣಿಗೆ ತಂದು ತೋರಿಸಿ, ಏನೂ ಇಲ್ಲ ಹೌದಲ್ಲ ಎಂದು ಕೇಳಿದಳು. ಕಾಗದದಲ್ಲಿದ್ದ ಒಂದು ಪದ ಇವಳಿಗೆ ಅರ್ಥವಾಯಿತು. ಅದು ಕ್ಯಾನ್ಸರಿನ ಹೆಸರು.

‘ನಾ ಏನೂ ಅನಲಿಲ್ರಿ ಮೇಡಂ. ಬರೇ ಗೋಣ ಹಾಕೇನ್ರಿ’ ಎಂದಳು.

ಆ ಗೋಣು ಹಾಕಿದ್ದನ್ನೇ ನಂಬಿ ನೀಲವ್ವ ಕಾಗದವನ್ನು ಗೂಡಿನಲ್ಲಿಟ್ಟು ಹದಿನೈದು ದಿನ ಆರಾಮಾಗಿ ಹೊಲಕ್ಕೆ ಹೋದಳು. ನಮ್ಮ ಡಾಕ್ಟರವ್ವ ನೋಡಿದ್ದಾಳೆ, ಏನೂ ಇಲ್ಲವಂತೆ ಎಂದು ಓಣಿಗೆಲ್ಲ ಹೇಳಿದಳು. ಅದು ಕಿವಿಗೆ ಬಿದ್ದ ದಿನ ಹುಡುಗಿ ಅವಳ ಕೈ ಹಿಡಿದುಕೊಂಡು, ಇದ್ದದ್ದು ಇದ್ದಂತೆ ಹೇಳಿ, ವಿಜಯಪುರದ ಆಸ್ಪತ್ರೆಗೆ ತಾನೇ ಕರೆದೊಯ್ದಳು. ತಡವಾಗಿಲ್ಲ ಎಂದು ಅಲ್ಲಿಯವರು ಹೇಳಿದರಂತೆ. ಚಿಕಿತ್ಸೆ ಶುರುವಾಗಿತ್ತು. ಆದರೆ ಹುಡುಗಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಇಷ್ಟು ಹೇಳಿ ಅವಳು ಬಂದ ಕೆಲಸ ಹೇಳಿದಳು. ಅವಳಿಗೆ ಗಣಿತ ಓದಬೇಕಿತ್ತು. ಪದವಿಗೆ ಅರ್ಜಿ ಕೊಡುವ ದಿನ ಮುಗಿಯುತ್ತ ಬಂದಿತ್ತು. ಅಪ್ಪ ಮಾತ್ರ, ಊರೆಲ್ಲ ಡಾಕ್ಟರ್ ಅನ್ನುವಾಗ ಈಗ ಬೇರೆ ಮಾತು ಹೇಗೆ, ಇನ್ನೊಂದು ವರ್ಷ ಕೂಡು ಎನ್ನುತ್ತಿದ್ದ.

‘ನೀವಽ ಇಟ್ಟ ಹೆಸರದು ಮೇಡಂ. ನೀವಽ ಬಂದು ತಗೀರಿ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಗೆಳೆಯರೇ, ಆ ದಿನ ನಾನು ತಕ್ಷಣ ಎದ್ದು ಹೋದೆನೆಂದು ಬರೆದರೆ ಸುಳ್ಳಾದೀತು. ಎರಡು ದಿನ ತಡೆದೆ. ಮನೆಯಲ್ಲಿ ಕೆಲಸವಿದೆ ಎಂದುಕೊಂಡೆ, ಅಪ್ಪ ಮಗಳ ನಡುವೆ ನಾನೇಕೆ ಎಂದುಕೊಂಡೆ. ನಿಜವೆಂದರೆ, ನೂರಾರು ಜನರೆದುರು ಆಡಿದ ಮಾತನ್ನು ತಪ್ಪೆಂದು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಆ ಎರಡು ದಿನ ಕೂತು ಯೋಚಿಸಿದ್ದನ್ನೇ ನಿಮಗೆ ಕೊಡುತ್ತಿದ್ದೇನೆ. ಬುದ್ಧಿಮಾತೆಂದು ನನ್ನ ಬಳಿ ಇರುವುದು ಇಷ್ಟೇ.

ಡಾಕ್ಟರ್ ಆಗಬೇಕೆಂಬ ಆಸೆಯಲ್ಲಿ ತಪ್ಪಿಲ್ಲ. ನಮ್ಮ ತಾಲೂಕುಗಳಿಗೆ ಇನ್ನೂ ಎಷ್ಟೋ ಮಂದಿ ಬೇಕು. ಆದರೆ ಪುಸ್ತಕ ತೆರೆಯುವ ಮೊದಲು ಒಂದು ಇಡೀ ದಿನ ಯಾವುದಾದರೂ ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬನ್ನಿ. ಅಲ್ಲಿಯ ವಾಸನೆ, ಅಳು, ಕಾಯುವಿಕೆ, ಯಾರದೋ ಮುಖದ ಮೇಲಿನ ಭಯ, ಇವುಗಳ ನಡುವೆ ಸಂಜೆ ನಿಮಗೆ ಇನ್ನಷ್ಟು ಹೊತ್ತು ಇರಬೇಕೆನ್ನಿಸಿದರೆ ಆಮೇಲೆ ಅರ್ಜಿ ತುಂಬಿ. ಹೊರಗೆ ಓಡಬೇಕೆನ್ನಿಸಿದರೆ ಅದರಲ್ಲಿ ಅವಮಾನವೇನಿಲ್ಲ. ವಿಷಯ ಆರಿಸುವಾಗ ಯಾವುದರಲ್ಲಿ ಅಂಕ ಹೆಚ್ಚು ಬಂತೆಂದು ನೋಡುವುದಕ್ಕಿಂತ, ಯಾವುದರಲ್ಲಿ ತಪ್ಪಿದಾಗ ಮತ್ತೆ ಮಾಡಿ ನೋಡೋಣ ಎನ್ನಿಸಿತು ಎಂಬುದನ್ನು ನೆನಪಿಸಿಕೊಳ್ಳಿ. ನಮ್ಮ ಹುಡುಗಿ ಕಪ್ಪೆಯ ಹೃದಯವನ್ನು ತಪ್ಪಿದಾಗ ಅಳುತ್ತಿದ್ದಳು, ಲೆಕ್ಕ ತಪ್ಪಿದಾಗ ಹೊಸ ಹಾಳೆ ತೆಗೆಯುತ್ತಿದ್ದಳು.

ಧಾರವಾಡಕ್ಕೋ, ಇನ್ನೂ ದಕ್ಷಿಣದ ಊರುಗಳಿಗೋ ಹೋದರೆ ಮೊದಲ ತಿಂಗಳು ನಿಮ್ಮ ಮಾತು ಕೇಳಿ ಕೆಲವರು ನಗುತ್ತಾರೆ; ನಾವು ಸುಮ್ಮನೆ ಮಾತಾಡಿದರೂ ಜಗಳಕ್ಕೆ ನಿಂತಂತೆ ಅವರಿಗೆ ಕೇಳುತ್ತದೆ. ನಗಲಿ ಬಿಡಿ. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಆ ಮಾತಿನಲ್ಲೇ ಎದ್ದು ನಿಂತು ಕೇಳಿ. ನಿಮ್ಮ ಹಿಂದಿನ ಬೆಂಚಿನಲ್ಲಿ ಹತ್ತು ಮಂದಿ ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ. ಹಾಸ್ಟೆಲಿನಿಂದ ಮನೆಗೆ ಫೋನು ಮಾಡಿದಾಗ ನಮ್ಮ ಮಕ್ಕಳು ಹೇಳುವುದು ಒಂದೇ ಮಾತು, ಆರಾಮ ಅದೀನಿ. ಅದು ಉತ್ತರವಲ್ಲ, ರೂಢಿ. ಆರಾಮಿಲ್ಲದ ದಿನ ಆರಾಮಿಲ್ಲ ಎನ್ನಿ. ಆ ಹುಡುಗಿ ವಿಜಯಪುರದ ಕೋಣೆಯಲ್ಲಿ ಒಂದು ವರ್ಷ ಆರಾಮ ಅದೀನಿ ಎನ್ನುತ್ತಲೇ ಇದ್ದಳು, ನಾವೆಲ್ಲ ನಂಬಿದೆವು, ನಂಬುವುದು ನಮಗೂ ಸುಲಭವಿತ್ತು.

ಮೂರನೆಯ ದಿನ ಬಸ್ಸು ಹತ್ತಿದೆ. ಗಿರಣಿ ಓಡುತ್ತಿತ್ತು. ಐದಾರು ಹೆಣ್ಣುಮಕ್ಕಳು ಡಬ್ಬಿ ಇಟ್ಟುಕೊಂಡು ಕೂತಿದ್ದರು, ಅವರಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ನೀಲವ್ವನೂ ಇದ್ದಳು. ಹುಡುಗಿ ತೂಕದ ಯಂತ್ರದ ಹತ್ತಿರ ನಿಂತಿದ್ದಳು. ನನ್ನನ್ನು ಕಂಡು ಗುರಪ್ಪ ಗಿರಣಿ ನಿಲ್ಲಿಸಿ, ನೀರು ತರಿಸಿ, ಕೂಡ್ರಿ ಎಂದ. ನಾನು ಕೂರಲಿಲ್ಲ. ಅಂದು ಶಾಲೆಯ ಅಂಗಳದಲ್ಲಿ ನಾನು ಆಡಿದ್ದು ತಪ್ಪು ಮಾತು ಎಂದೆ. ಮಂದಿಯನ್ನು ಖುಷಿಪಡಿಸಲು ಆಡಿದ ಮಾತು, ಆ ಮಗುವನ್ನು ಕೇಳದೆ ಆಡಿದ್ದು, ಅದನ್ನು ಅವಳು ಮೂರು ವರ್ಷ ಹೊತ್ತಿದ್ದಾಳೆ ಎಂದೆ. ಅವಳು ಡಾಕ್ಟರಲ್ಲ, ಅವಳಿಗೆ ಕಾಗದ ತೋರಿಸಬೇಡಿ. ಅವಳಿಗೆ ಗಣಿತ ಬರುತ್ತದೆ, ನನಗೆ ಅದು ಮೊದಲೇ ಗೊತ್ತಿತ್ತು, ನಾನು ಹೇಳಲಿಲ್ಲ ಎಂದೆ.

ಗುರಪ್ಪ ಎದುರಿಗೆ ಬಂದು ನಿಂತ. ‘ನೀವು ಅಂದದ್ದನ್ನ ಊರೆಲ್ಲಾ ನಂಬೇತ್ರಿ. ನಾನೂ ನಂಬೇನಿ’ ಎಂದ.

ಆಗ ನೀಲವ್ವ ಕೇಳಿದಳು, ‘ಹಂಗಾದ್ರ ಇಕೀನ ಇನ್ನ ಏನಂತ ಕರೀಬೇಕ್ರಿ ಮೇಡಂ?’

ನಾನು ಬಾಯಿ ತೆರೆದೆ. ಎರಡು ವರ್ಷ ಎದುರಿಗೆ ಕೂರಿಸಿಕೊಂಡು ಕಲಿಸಿದವಳು ನಾನು. ಆ ಹೆಸರು ನನ್ನ ನಾಲಿಗೆಗೆ ಬರಲಿಲ್ಲ. ಹುಡುಗಿ ಅಪ್ಪನನ್ನು ನೋಡುತ್ತಿದ್ದಳು.

ಗುರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖದ ಹಿಟ್ಟು ಒರೆಸಿಕೊಂಡ. ‘ಶಿವಲೀಲಾ’ ಎಂದ.

‘ಏನಪ್ಪಾ?’ ಎಂದಳು ಅವಳು.

‘ಅರ್ಜಿ ಕೊಡಾಕ ಯಾವಾಗ ಹೋಗಬೇಕವ್ವಾ?’