ಎದೆಕವಚದ ಮೇಲಿನ ಚೆಂಡುಹೂ

ಇವತ್ತು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದರೆ ಉಕ್ಕಿಗೆ ಹಚ್ಚಿದ ಎಣ್ಣೆಯ ವಾಸನೆ. ನಿಮಗೆ ಅದರಿಂದ ರಿಪೇರಿ ಅಂಗಡಿ ನೆನಪಾದೀತು. ನನಗೆ ನೆನಪಾಗುವುದು ಅಮೆರಿಕದ ಗಿಲ್‌ರಾಯ್‌ಗೆ, ಮಗಳ ಮನೆಗೆ, ಬಂದ ಹೊಸದರಲ್ಲಿ ನಾನು ಮಾಡಿದ ಘನಕಾರ್ಯ.

ಅಳಿಯಂದಿರಾದ ಮಧು ಅವರಿಗೆ ಒಂದು ಹುಚ್ಚು. ವಾರವೆಲ್ಲ ಫ್ರೀವೇಯಲ್ಲಿ ಆಫೀಸಿಗೆ ಅಲೆದು, ಭಾನುವಾರ ಹಳೇ ಯುರೋಪಿನ ಸೈನಿಕರಂತೆ ಉಕ್ಕಿನ ಕವಚ ತೊಟ್ಟು ಸ್ನೇಹಿತರೊಂದಿಗೆ ಮೈದಾನದಲ್ಲಿ ಹೊಡೆದಾಡುವುದು. ಆಟಕ್ಕೆ ಮೊಂಡು ಆಯುಧಗಳು. ಗೋಡೆಗೆ ತೂಗುಹಾಕಿದ್ದ ಯುದ್ಧದ ಸುತ್ತಿಗೆ ಮಾತ್ರ ಆಟದ್ದಲ್ಲ: ಉದ್ದನೆಯ ಹಿಡಿ, ಒಂದು ಕಡೆ ಪುಟ್ಟ ತಲೆ, ಇನ್ನೊಂದು ಕಡೆ ಕಾಗೆಯದರಂಥ ಚೂಪು ಕೊಕ್ಕು.

"ಕತ್ತಿ ಕವಚದ ಮೇಲೆ ಜಾರುತ್ತೆ ಮಾವ, ಇದು ಜಾರಲ್ಲ. ತಲೆ ಕಡೆಯಿಂದ ಬಿದ್ರೆ ತಗಡು ನೆಟ್ಟಗಿದ್ರೂ ಒಳಗಿರೋನು ಗಿರ್ ಅಂತಾನೆ. ಕೊಕ್ಕಿನ ಕಡೆ ಬಿದ್ರೆ ತಗಡೇ ತೂತು."

"ಇದರಲ್ಲಿ ತೆಂಗಿನಕಾಯೂ ಒಡೆಯಲ್ಲ ಬಿಡಿ ಅಳಿಯಂದ್ರೇ," ಎಂದಿದ್ದೆ. ಎಸ್ಸೆಸ್ಸೆಲ್ಸಿ ಓದಿದ ಧೈರ್ಯ.

ಇಲ್ಲಿ ಹಬ್ಬಗಳೂ ರಜೆ ನೋಡಿಕೊಂಡು ಬರುತ್ತವೆ. ಆಯುಧಪೂಜೆ ಶನಿವಾರಕ್ಕೆ ಬಂತು. ಕಾರಿಗೆ, ಲ್ಯಾಪ್‌ಟಾಪಿಗೆ, ಕವಚಕ್ಕೆ, ಸುತ್ತಿಗೆಗೆ ಕುಂಕುಮವಿಟ್ಟೆ. ಮನೆಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಮೇಲೆ ಕಾಯಿ ಒಡೆದು ಕಲೆ ಮಾಡಕೂಡದೆಂದು ಮಗಳ ಅಪ್ಪಣೆ. ಕಾಯಿನೀರೂ ಪೋಲಾಗಬಾರದು. ಎದೆಕವಚವನ್ನು ಬೋಗುಣಿಯಂತೆ ಅಂಗಾತ ಮಲಗಿಸಿ, ಕಾಯಿ ಇಟ್ಟು, ಒಡೆಯುತ್ತೋ ಇಲ್ಲವೋ ನೋಡಿಯೇಬಿಡೋಣವೆಂದು ಅದೇ ಸುತ್ತಿಗೆ ಬೀಸಿದೆ. ಕೊಕ್ಕು ಕೆಳಗಾಗಿತ್ತು. ಕಾಯಿ ಪಕ್ಕಕ್ಕೆ ಉರುಳಿತು. ಕೊಕ್ಕು ತಗಡಿಗೆ ಇಳಿಯಿತು, ಸರಿಯಾಗಿ ಹೃದಯದ ಜಾಗದಲ್ಲಿ.

ಹೇಳಬೇಕಿತ್ತು. ಹೇಳಲಿಲ್ಲ. ಕವಚ ಮಗುಚಿಟ್ಟು, ತೂತಿಗೆ ಗಂಧ ಮೆತ್ತಿ, ಮೇಲೊಂದು ಚೆಂಡುಹೂ ಅಂಟಿಸಿದೆ. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ಮುಟ್ಟುವುದಿಲ್ಲವಲ್ಲ. ಮಧು ಭಕ್ತಿಯಿಂದ ಕೈಮುಗಿದರು.

ಮರುದಿನ ಅವರು ಕವಚವನ್ನು ಕಾರಿಗೆ ತುಂಬುತ್ತ, "ಹೂ ಹಾಗೇ ಇರ್ಲಿ ಮಾವ, ನಿಮ್ಮ ಆಶೀರ್ವಾದ," ಎಂದರು. ನನ್ನ ಮರ್ಯಾದೆ ಒಂದು ಕಡೆ, ಮಗಳ ಗಂಡನ ಎದೆ ಇನ್ನೊಂದು ಕಡೆ. ಕಾರು ಹೊರಟಿತು. ಬರಿಗಾಲಲ್ಲೇ ಓಡಿ ಅಡ್ಡ ನಿಂತೆ.

"ಆ ಹೂ ತೆಗೀರಿ. ಅದರಡಿ ತೂತಿದೆ. ಮಾಡಿದೋನು ನಾನೇ."

ಮಧು ಇಳಿದು, ಹೂ ಕಿತ್ತು, ತೂತಿಗೆ ಬೆರಳು ತೂರಿಸಿ ನೋಡಿದರು. "ನಿನ್ನೆಯೇ ಹೇಳಬಾರದಿತ್ತಾ ಮಾವ? ಹಾಕ್ಕೊಂಡು ನಿಂತಿದ್ರೆ?" ಅವರು ಕಿತ್ತೆಸೆದ ಹೂವನ್ನು ನಾನು ನೆಲದಿಂದ ಹೆಕ್ಕಿಕೊಂಡೆ. ಅವರು ಮತ್ತೆ ಕೇಳಿದರು: "ಕಾಯಿ ಒಡೀತಾ?"

"ಇಲ್ಲ."

ಅವರು ರಸ್ತೆಬದಿಯಲ್ಲೇ ಕುಳಿತು ನಕ್ಕರು. ಅಂದು ಆಟಕ್ಕೆ ಹೋಗಲಿಲ್ಲ.

ಅಂದಿನಿಂದ ಅವರ ಹೊಸ ಎದೆಕವಚದ ಪಟ್ಟಿ ಬಿಗಿಯುವ ಕೆಲಸ ನನ್ನದು. ಇವತ್ತೂ ಬಿಸಿಲಿಗೆ ಹಿಡಿದು ನೋಡಿ, ತಗಡಿನ ಮೇಲೆಲ್ಲ ಅಂಗೈ ಆಡಿಸಿದ ಮೇಲೆಯೇ ತೊಡಿಸಿದೆ. "ಆಯ್ತಾ ಮಾವ, ಲೇಟಾಗ್ತಿದೆ," ಎಂದು ಗೊಣಗಿದರು. ಗೊಣಗಲಿ.